ಕೊಲಂಬೊಗೆ ಹೋದ ನಾಲ್ಕನೆಯವರು

ತಾಯಲೂರು
ಭಾನುವಾರ, 8 ಫೆಬ್ರವರಿ 2026

ಪ್ರೀತಿಯ ಅತ್ತೆಗೆ,

ಪಕ್ಕದ ಕೋಣೆಯಿಂದ ನಿಮ್ಮ ಆಶಾಳ ನಮಸ್ಕಾರ.

ಇದನ್ನು ಹೇಳದೆಯೇ ಇದ್ದುಬಿಡೋಣ ಎಂದುಕೊಂಡಿದ್ದೆ. ಸ್ವಲ್ಪದರಲ್ಲಿ ಹಾಗೇ ಆಗಿಬಿಡುತ್ತಿತ್ತು. ಗಣರಾಜ್ಯೋತ್ಸವದ ರಜೆಗೆ ಕೊಲಂಬೊಗೆ ಹೊರಟಾಗ ನಾನು ನಿಮಗೆ ಹೇಳಿದ್ದು ಮೂವರ ಹೆಸರು: ಸುನಂದ, ಅವಳ ಗಂಡ ಅರುಣ್‌ಕುಮಾರ್, ನಾನು. ಹೋದದ್ದು ನಾಲ್ವರು. ನಾಲ್ಕನೆಯವನು ವೇಣುಗೋಪಾಲ್. ನಿಮಗೆ ಗೊತ್ತಿರುವ ವೇಣುವೇ. ಪ್ರತಿ ಬೇಸಿಗೆಯಲ್ಲಿ ಶ್ರೀನಿವಾಸಪುರದ ತೋಟದಿಂದ ಒಂದು ಕ್ರೇಟು ಮಾವಿನಹಣ್ಣು ತಂದು ನಮ್ಮ ಜಗಲಿಯ ಮೇಲಿಟ್ಟು, ಕಾಫಿ ಕುಡಿದು ಹೋಗುವವನು.

ನೀವು ಫೋನಿನಲ್ಲಿ, 'ಯಾರಮ್ಮಾ ಅದು ಇಂದ್ಗಡೆ, ಗಂಡಸ್ರ ಗಂಟ್ಲು?' ಎಂದು ಕೇಳಿದಾಗ ಅರುಣ್ ಅಂದೆನಲ್ಲ, ಅದೂ ವೇಣುವೇ. ಹೆಸರು ಬಿಟ್ಟಿದ್ದು ಸುಳ್ಳಲ್ಲ ಎಂದು ಅಲ್ಲಿಯವರೆಗೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ಥರದ ಸಮಾಧಾನಗಳು ನನಗೆ ಇಂಗ್ಲಿಷಿನಲ್ಲಿ ಸಲೀಸಾಗಿ ಹುಟ್ಟುತ್ತವೆ. ನೀವು ಓದುವ ಭಾಷೆಯಲ್ಲಿ ಬರೆಯಲು ಕೂತರೆ ಒಂದೂ ನಿಲ್ಲುತ್ತಿಲ್ಲ.

ಒಂದೇ ಮನೆಯಲ್ಲಿದ್ದುಕೊಂಡು ಅಂಚೆಯಲ್ಲಿ ಪತ್ರ ಯಾಕೆ ಎಂದು ನಿಮಗೆ ನಗು ಬರಬಹುದು. ಬಂದಾಗಿನಿಂದ ಬಾಯಿಬಿಟ್ಟು ಹೇಳಲು ನೋಡಿದ್ದೇನೆ. 'ಅತ್ತೆ, ಒಂದು ಮಾತಿತ್ತು' ಅಂದರೆ, 'ಮಾತು ಎಲ್ಲೂ ಓಗಲ್ಲ, ಮೊದ್ಲು ಆ ಸೊಪ್ಪಿನ ಪುಟ್ಟಿ ಇತ್ಲಾಗೆ ತಗಾ' ಅಂದಿರಿ. ಇನ್ನೊಮ್ಮೆ ಊಟದ ಹೊತ್ತಿನಲ್ಲಿ ಶುರು ಮಾಡಿದೆ. ಎದುರುಮನೆಯ ಶಾಮಲಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದು ಕೂತರು. ಕೂತವರು ಏಳಲಿಲ್ಲ. ಏಳಲಿ ಎಂದು ನಾನೂ ಆಸೆಪಡಲಿಲ್ಲ ಎನ್ನಿ.

ಹಾಗಾಗಿ ಮೊದಲಿನಿಂದ ಬರೆಯುತ್ತೇನೆ.

ಬೆಂಗಳೂರಿನ ಜ್ಞಾನಭಾರತಿಯಲ್ಲಿ ರೇಷ್ಮೆ ಕೃಷಿ ಎಂ.ಎಸ್ಸಿ. ಓದುವಾಗ ನಾವು ನಾಲ್ವರು ಒಂದೇ ಲ್ಯಾಬಿನ ಮೇಜಿನಲ್ಲಿದ್ದವರು. ಎಲ್ಲರೂ ಒಂದು ಸಲ ವಿದೇಶಕ್ಕೆ ಹೋಗಿಬರೋಣ ಎಂದು ಆಗಿನಿಂದ ಹೇಳಿಕೊಂಡೇ ಬಂದೆವು. ಕೊನೆಗೆ ಈ ವರ್ಷ ಅರುಣ್ ಯಾರನ್ನೂ ಕೇಳದೆ ಟಿಕೆಟ್ ಮಾಡಿಸಿಬಿಟ್ಟ. ಆಗಷ್ಟೇ ಎರಡನೇ ಜ್ವರಕ್ಕೆ ಮಲಗಿ, ಪೊರೆ ಕಳಚಿ ಎದ್ದ ಎಳೇ ರೇಷ್ಮೆಹುಳ ಮನೆಯಲ್ಲಿ, ಹೇಗೆ ಹೋಗಲಿ ಎಂದು ನಾನು ಹಿಂಜರಿದಾಗ ನೀವು ಅಂದದ್ದು ನೆನಪಿದೆಯೇ? 'ನೀನು ಈ ಮನೆಗೆ ಬರಾಕೆ ಮುಂಚೆ ನಾನೇನ್ ಹುಳ ಸಾಕ್ತಿರ್ಲಿಲ್ವಾ? ಅವಕ್ಕೆ ನಿನ್ ಎಮ್ಮೆಸ್ಸಿ ಗೊತ್ತಿಲ್ಲಮ್ಮಾ, ಸೊಪ್ಪು ಗೊತ್ತು. ಪರವಾಲೇದು, ಪೋ!' ಇಡೀ ಪ್ರವಾಸದಲ್ಲಿ ಸುನಂದಳಿಗೆ ಅತ್ಯಂತ ಇಷ್ಟವಾದ ಮಾತು ಇದೇ. ಮಾತುಮಾತಿಗೂ 'ಸೊಪ್ಪು ಗೊತ್ತು' ಎನ್ನುತ್ತಿದ್ದಳು.

ಕೊಲಂಬೊ ಚೆನ್ನಾಗಿದೆ ಅತ್ತೆ. ಅಂಗಡಿ ಬೋರ್ಡುಗಳ ಮೇಲಿನ ಸಿಂಹಳ ಅಕ್ಷರಗಳು ನಮ್ಮವುಗಳಂತೆಯೇ ಗುಂಡಗುಂಡಗೆ. ಅರುಣ್ ಪ್ರತಿಯೊಂದನ್ನೂ ಕನ್ನಡವೆಂದೇ ಓದಲು ಹೋಗಿ, ಹಲ್ಲಿನ ಆಸ್ಪತ್ರೆಯನ್ನು ಹೋಟೆಲು ಮಾಡಿ ನಮ್ಮನ್ನೆಲ್ಲ ಒಳಗೆ ಕರೆದುಕೊಂಡು ಹೋದ. ಪೆಟ್ಟಾ ಎಂಬ ಪೇಟೆಯಲ್ಲಿ ತರಕಾರಿ ಗಾಡಿ ಕಂಡಲ್ಲೆಲ್ಲ ನಿಂತು, ಟೊಮೇಟೊ ಎತ್ತಿ ಹಿಚುಕಿ, 'ಇದು ಕೋಲಾರದ್ದಲ್ಲ' ಎಂದು ತೀರ್ಪು ಕೊಡುತ್ತಿದ್ದ. ಸಂಜೆ ಸಮುದ್ರದ ಎದುರಿನ ಬಯಲಿನಲ್ಲಿ ಊರಿಗೆ ಊರೇ ಗಾಳಿಪಟ ಹಾರಿಸುತ್ತದೆ. ಅಲ್ಲಿ ಮಾರುವ ವಡೆಯ ಮೇಲೆ ಇಡೀ ಸೀಗಡಿಗಳು ಕಾಲು ಚಾಚಿ ಮಲಗಿರುತ್ತವೆ. ಸುನಂದ ಅದನ್ನು ಕಂಡು, 'ಅಯ್ಯೋ, ಇದು ನನ್ನೇ ನೋಡ್ತಾ ಐತೆ ಕಣೇ' ಎಂದು ಕಿರುಚಿ, ಆಮೇಲೆ ಎಲ್ಲರಿಗಿಂತ ಹೆಚ್ಚು ತಿಂದಳು. ಗಡಿಬಿಡಿಯಿಲ್ಲದೆ ನಡೆದೆವು, ಕೂತೆವು, ಟೀ ಕುಡಿದೆವು. ಅಲ್ಲಿ ಯಾರಿಗೂ ನಾನು ಕಾಲೇಜಿನ ಮೇಡಂ ಆಗಿರಲಿಲ್ಲ.

ನನ್ನ ಹೋಟೆಲಿನ ಕೋಣೆಯಲ್ಲಿ ಒಂದು ಬಾಟಲಿ ಇತ್ತು. ನಿಂಬೆಯ ವಾಸನೆ ಬರುವ ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಕಡ್ಡಿಗಳನ್ನು ಅದ್ದಿಟ್ಟಿದ್ದರು, ಕೋಣೆಯೆಲ್ಲ ಘಮಘಮ. ನನ್ನ ಕೈ ನನ್ನನ್ನು ಕೇಳಲಿಲ್ಲ. ಬ್ಯಾಗು ಕೆಳಗಿಡುವ ಮೊದಲೇ ಅದನ್ನು ಎತ್ತಿ ಬಾಗಿಲಾಚೆ ಇಟ್ಟಿತು. ನಮ್ಮ ಮನೆಯೊಳಗೆ ಅಗರಬತ್ತಿ ಬರುವುದಿಲ್ಲ, ಪೌಡರಿಲ್ಲ, ಸೊಳ್ಳೆಬತ್ತಿಯಿಲ್ಲ. ವಾಸನೆ ಹತ್ತಿದರೆ ಹುಳ ಸೊಪ್ಪು ಮುಟ್ಟುವುದಿಲ್ಲ ಎಂದು ನಾನು ಮದುವೆಯಾಗಿ ಬಂದ ವಾರವೇ ನೀವು ನನ್ನ ಜಡೆಯಿಂದ ಮಲ್ಲಿಗೆ ಬಿಚ್ಚಿಸಿದ್ದಿರಿ. ಆ ಭಯ ವಿಮಾನ ಹತ್ತಿ ನನ್ನ ಜೊತೆಗೇ ಬಂದಿತ್ತು. ಹೊರಗಿಟ್ಟ ಬಾಟಲಿಯನ್ನು ಹೋಟೆಲಿನವರು ಮತ್ತೆ ಒಳಗಿಟ್ಟರು. ನಾನು ಮತ್ತೆ ಹೊರಗಿಟ್ಟೆ. ಆಮೇಲೆ ಅದು ಕಾಣಲಿಲ್ಲ, ಆದರೆ ಮೇಜಿನ ಮೇಲೆ ಹೊಸದೊಂದು ಬಂದಿತ್ತು. ಅದನ್ನೂ ಹೊರಗಿಟ್ಟೆ.

ಮರುದಿನ ತಿಂಡಿಯ ಹೊತ್ತಿನಲ್ಲಿ ಇದನ್ನು ಹೇಳಿದಾಗ ಸುನಂದ ಬಿದ್ದುಬಿದ್ದು ನಕ್ಕಳು. 'ಲೇ, ಹುಳ ತಾಯಲೂರಲ್ಲಿ, ನೀನು ಸಮುದ್ರದಾಚೆ. ವಾಸ್ನೆ ಇಲ್ಲಿಂದ ಈಜ್ಕೊಂಡು ಹೋಗ್ತದೇನೇ?' ಅಂದಳು. 'ಪಾಸ್‌ಪೋರ್ಟ್ ಇಲ್ದೆ ಬಿಡಲ್ಲ ಅದ್ನ' ಅಂದ ಅರುಣ್. ನಾನೂ ನಕ್ಕೆ. ಅಷ್ಟರಲ್ಲಿ ವೇಣು ಬಂದ. ಅವನಿಗಿಂತ ಮೊದಲು ಮಜ್ಜಿಗೆಹುಲ್ಲಿನ ವಾಸನೆ ಬಂತು. 'ಏನೋ, ಎಣ್ಣೆ ಸ್ನಾನಾನಾ?' ಎಂದು ಸುನಂದ ಮೂಗು ಮುಚ್ಚಿಕೊಂಡಳು.

ಬಾಟಲಿಗಳೆಲ್ಲ ಅವನ ಕೋಣೆಯಲ್ಲಿದ್ದವು. ನನ್ನ ಕೋಣೆಯ ಎದುರಿನದೇ ಅವನದು. 'ಬಾಗಿಲ ಮುಂದೆ ಬಿಟ್ರೆ ಅವ್ರು ಮತ್ತೆ ಒಳಗೇ ಇಡ್ತಾರೆ, ಅದಕ್ಕೆ ನಾನೇ ತಗೊಂಡೆ' ಅಂದ. 'ಇವಳ ಬಟ್ಟೆಗೆ ಹತ್ಕೊಂಡ್ರೆ ಊರಿಗೇ ಹೋಗ್ತದೆ. ಎರಡನೇ ಜ್ವರ ಎದ್ದು ಸೊಪ್ಪು ತಿಂತಿರೋ ಹುಳ. ನಗೋದಲ್ಲ ಇದು, ಸುನಂದಾ.' ಇಷ್ಟು ಹೇಳಿ, ಅಲ್ಲಿನ ಬಟ್ಟಲು ದೋಸೆಯಂಥ ಅಪ್ಪ ಹಾಕಿಸಿಕೊಳ್ಳಲು ತಟ್ಟೆ ಹಿಡಿದುಕೊಂಡು ಹೋದ.

ಅತ್ತೆ, ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ, ಅಲ್ಲಿಂದಾಚೆಗೆ ನನಗೆ ತಿಂಡಿ ರುಚಿಸಲಿಲ್ಲ. ಹುಳದ ಮೇಲೆ ನನಗಿರುವ ಭಯವನ್ನು ಕಂಡು ನಗದಿದ್ದವರು ಈ ಲೋಕದಲ್ಲಿ ನೀವೊಬ್ಬರೇ ಎಂದುಕೊಂಡಿದ್ದೆ. ಇವನು ಕಾಳಜಿಯ ಮನುಷ್ಯ, ಅಷ್ಟೇ, ಇದರಲ್ಲಿ ಹೆಚ್ಚಿನದೇನನ್ನೂ ಹುಡುಕಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಹುಡುಕುತ್ತಲೇ ಇದ್ದೆ.

ಅಂದು ಮಧ್ಯಾಹ್ನ ಮೌಂಟ್ ಲವೀನಿಯಾ ಎಂಬಲ್ಲಿಗೆ ರೈಲಿನಲ್ಲಿ ಹೊರಟೆವು. ಹಳಿ ಸಮುದ್ರಕ್ಕೆ ಎಷ್ಟು ಹತ್ತಿರವೆಂದರೆ ಬಾಗಿಲಲ್ಲಿ ನಿಂತವರ ಮುಖಕ್ಕೆ ಉಪ್ಪುನೀರು ಸಿಡಿಯುತ್ತದೆ. ನಾನೂ ವೇಣುವೂ ಬಾಗಿಲ ಹತ್ತಿರ ನಿಂತಿದ್ದೆವು. 'ಆಶಾ, ಒಂದು ಕೇಳ್ತೀನಿ' ಅಂದ. 'ಬೇಡ ಅನ್ಸಿದ್ರೆ ಸಮುದ್ರದ ಕಡೆ ನೋಡು ಸಾಕು, ನಾನು ಅರ್ಥ ಮಾಡ್ಕೊಳ್ತೀನಿ.' ಆಮೇಲೆ ಮದುವೆ ಆಗೋಣವಾ ಎಂದು ಕೇಳಿದ.

ನಾನು ಸಮುದ್ರದ ಕಡೆ ನೋಡಲಿಲ್ಲ. ಕುತ್ತಿಗೆ ತಿರುಗಲಿಲ್ಲ.

ಆಗ ಅವನಿಗೆ ಧೈರ್ಯ ಬಂದಿರಬೇಕು, ಗಡಗಡ ಮಾತಾಡಿದ. 'ಆ ಮನೆ ಬಿಟ್ಟು ಬಾ ಅಂತ ನಾನು ಕೇಳಲ್ಲ. ತೋಟಾನ ನನ್ ತಮ್ಮ ಮುನೇಶ್ ನೋಡ್ಕೊಳ್ತಾನೆ, ನಾನು ಬೈಕಲ್ಲಿ ಹೋಗ್ಬರ್ತೀನಿ. ನಿಮ್ಮತ್ತೆ ಜಾಗ ಕೊಟ್ರೆ ನಾನೇ ತಾಯಲೂರಿಗೆ ಬರ್ತೀನಿ. ಸೊಪ್ಪು ಕೊಯ್ಯೋಕೆ ಒಂದಾಳು ಸಿಕ್ದಂಗಾಯ್ತು ಅಂತ ಹೇಳು.'

ನನ್ನ ಬಾಯಿಂದ ಬಂದದ್ದು ಒಂದೇ ಮಾತು: ಅತ್ತೆಯನ್ನು ಕೇಳಬೇಕು.

ಸುನಂದ ನಮ್ಮ ಬೆನ್ನ ಹಿಂದೆಯೇ ಇದ್ದಳು. 'ನಲವತ್ನಾಲ್ಕು ವರ್ಷದವಳು ಅತ್ತೇನ ಕೇಳ್ಬೇಕಂತೆ! ಅದೂ ಮೊದಲ್ನೇ ಗಂಡನ ಅಮ್ಮನ್ನ! ಎಲ್ಲಾದ್ರೂ ಉಂಟೇನೇ?' ಎಂದು ಇಡೀ ಬೋಗಿಗೆ ಕೇಳುವಂತೆ ಕೂಗಿದಳು. ಕನ್ನಡ ತಿಳಿಯದ ಅಜ್ಜಿಯೊಬ್ಬರು ಸಹ ನನ್ನನ್ನು ತಿರುಗಿ ನೋಡಿದರು. ವೇಣು ಮಾತ್ರ ಗಂಭೀರವಾಗಿ, 'ಕೇಳ್ಲಿ ಬಿಡೇ. ಆದ್ರೆ ಆಶಾ, ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಲ್ಲಿ ಮಾತ್ರ ಕೇಳ್ಬೇಡ. ಆವಾಗ ದೇವ್ರೇ ಬಂದು ಬಾಗಿಲು ತಟ್ಟಿದ್ರೂ ನಿಮ್ಮತ್ತೆ ಅಕ್ಕಯಮ್ಮನವರು ಆ ಬಿದಿರಿನ ಚಂದ್ರಿಕೆ ತಟ್ಟೆ ಅಡ್ಡ ಹಿಡಿದು ಆಚೆ ಕಳಿಸ್ತಾರೆ' ಅಂದ.

ನಿಮ್ಮನ್ನು ಯಾಕೆ ಕೇಳಬೇಕು ಎಂದು ನಾನೂ ಯೋಚಿಸಿದೆ. ಸುನಂದ ಹೇಳಿದ್ದರಲ್ಲಿ ತಪ್ಪಿಲ್ಲ. ಕಾನೂನಿಗೆ ನಿಮ್ಮ ಒಪ್ಪಿಗೆ ಬೇಡ, ಊರಿನ ಬಾಯಿಗೆ ನಾನು ಹೆದರುವವಳಲ್ಲ. ನನ್ನ ಹೆದರಿಕೆ ಬೇರೆ. ಬೆಳಗ್ಗೆ ನೀವು ಹಿತ್ತಲ ಬಾಗಿಲು ತೆಗೆದಾಗ, ನಿಮ್ಮ ಮಗ ಕದಿರೇಶ್ ನಿಂತು ಮುಖ ತೊಳೆಯುತ್ತಿದ್ದ ಕಲ್ಲಿನ ಮೇಲೆ ಇನ್ನೊಬ್ಬರು ನಿಂತಿರುತ್ತಾರೆ. ಆಗ ನಿಮ್ಮ ಮುಖ ಹೇಗಾಗುತ್ತದೋ, ಅದನ್ನು ನಾನು ನೋಡಬಲ್ಲೆನೇ? ಕೊರೊನಾ ವರ್ಷದಲ್ಲಿ ಅವರು ಹೋದ ಮೇಲೆ ನಾವಿಬ್ಬರೂ ಒಬ್ಬರೆದುರು ಒಬ್ಬರು ಅತ್ತಿಲ್ಲ. ಹುಳ ತಂದೆವು, ಸೊಪ್ಪು ಹಾಕಿದೆವು. ಹಾಗೇ ಬದುಕಿದೆವು.

ನಾನು ಮತ್ತೆ ಬಣ್ಣದ ಸೀರೆ ಉಟ್ಟ ದಿನ ಶಾಮಲಮ್ಮ ಏನೋ ಅಂದಾಗ, 'ನಮ್ ಸೊಸೆ ಏನುಡ್ಬೇಕು ಅಂತ ಬೇಕಾದ್ರೆ ನಮ್ ಹುಳಾನ ಕೇಳ್ತೀನಿ, ನಿನ್ ಕೇಳಲ್ಲ' ಅಂದವರು ನೀವು. ಹೋದ ಬೇಸಿಗೆಯಲ್ಲಿ ವೇಣುವಿಗೆ, 'ಏನಪ್ಪಾ, ಮರಕ್ಕೆಲ್ಲಾ ಕಾಯಿ ಕಟ್ಟುಸ್ತೀಯ, ನಿನ್ಗೊಂದು ಸಂಸಾರ ಕಟ್ಕಳಾಕಾಗ್ಲಿಲ್ವಾ?' ಎಂದು ರೇಗಿಸಿದವರೂ ನೀವೇ. ಅವನು ಕಾಫಿ ಲೋಟದೊಳಗೆ ಮುಖ ಹಾಕಿಕೊಂಡು ಕೂತ. ನೀವು ನನ್ನ ಕಡೆ ನೋಡಿದಿರೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಇನ್ನೊಂದು ತೊಡಕು. ದೊಡ್ಡಮ್ಮನ ಮಗಳ ಗಂಡನಿಗೂ ನಮ್ಮಲ್ಲಿ ಕರೆಯಲು ಒಂದು ವರಸೆಯಿದೆ. ಸೊಸೆಯ ಎರಡನೇ ಗಂಡನಿಗೆ ಇಲ್ಲ. ಸೊಸೆಯ ಗಂಡ ಎಂದರೆ ಮಗ, ಆದರೆ ಅವನು ನಿಮ್ಮ ಮಗನಲ್ಲ. ಆ ಜಾಗಕ್ಕೆ ಅವನು ಬರುವುದೂ ಇಲ್ಲ, ನಾನು ತರುವುದೂ ಇಲ್ಲ. ಈಗ ಕರೆಯುವ ಹಾಗೆ 'ಏನಪ್ಪಾ' ಎಂದೇ ಕರೆಯಿರಿ, ಸಾಕು.

ನನಗೆ ಬೇಕಾದದ್ದನ್ನು ನೇರವಾಗಿ ಬರೆದುಬಿಡುತ್ತೇನೆ. ವೇಣುವನ್ನು ಮದುವೆಯಾಗಬೇಕು, ನಿಮ್ಮ ಜೊತೆ ಇದೇ ಮನೆಯಲ್ಲಿರಬೇಕು. ಎರಡೂ ಬೇಕೆನ್ನುವುದು ಅತಿಯಾಸೆಯೋ ಏನೋ. ಬೇಡದ್ದನ್ನು ಬೇಡ ಎಂದು ಹೇಳಲು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಹಾಗೆ ಅಂದರೂ ನಾನು ಮುನಿಸಿಕೊಳ್ಳುವುದಿಲ್ಲ.

ನೀವು ಈಗ ಹುಳದ ಮನೆಯಿಂದ ಕೂಗುತ್ತಿದ್ದೀರಿ. 'ಏಯ್ ಆಶಮ್ಮಾ, ಬರೀತಾ ಕೂತ್ರೆ ಹುಳಕ್ಕೆ ಒಟ್ಟೆ ತುಂಬ್ತದಾ?' ಕಾಲೇಜಿನ ಪರೀಕ್ಷೆಯ ಕೆಲಸವೆಂದು ತಿಳಿದುಕೊಂಡಿದ್ದೀರಿ. ಸೊಪ್ಪು ತರುತ್ತೇನೆ.

ನಿಮ್ಮ ಸೊಸೆ,
ಆಶಾರಾಣಿ

ತಾ.ಕ.: ಸೊಪ್ಪು ಹಾಕಿ ಬಂದು ಓದಿಕೊಂಡೆ. ಒಂದು ಮಾತು ಬಿಟ್ಟಿದ್ದೇನೆ, ಮರೆತಲ್ಲ, ಬೇಕೆಂದೇ. ಅತ್ತೆಯನ್ನು ಕೇಳಬೇಕು ಎಂದು ರೈಲಿನಲ್ಲಿ ಹೇಳಿದ್ದು ನಿಜ. ಆದರೆ ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ, ಸುನಂದ, ಅರುಣ್ ಇಬ್ಬರೂ ಟೀಪುಡಿ ಕೊಳ್ಳಲು ಹೋಗಿದ್ದಾಗ, ನಾನೇ ವೇಣುವಿಗೆ ಆಗಲಿ ಅಂದುಬಿಟ್ಟೆ. 'ಇನ್ನೂ ಕೇಳಿಲ್ವಲ್ಲೇ ಅವ್ರನ್ನ?' ಎಂದು ಅವನೇ ಗಾಬರಿಯಾದ. ಹಾಗಾಗಿ ಮದುವೆ ಆಗಲೇ ಬೇಡವೇ ಎಂದು ಈಗ ನಿಮ್ಮನ್ನು ಕೇಳಿದರೆ ಅದು ನಾಟಕವಾಗುತ್ತದೆ. ಮದುವೆ ಆಗುತ್ತೇನೆ. ಈ ಮನೆಯಲ್ಲಿ ನಮಗೆ ಜಾಗವುಂಟೇ ಎಂಬುದಷ್ಟೇ ನಿಮ್ಮ ಕೈಯಲ್ಲಿರುವುದು, ನನಗೆ ಅದೇ ದೊಡ್ಡದು. ಓದಿದ ಮೇಲೆ ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಮುಂದಿನ ಬೆಳೆಗೆ ಎಷ್ಟು ಮೊಟ್ಟೆಯ ಹುಳ ತರಲಿ ಎಂದು ನಾನು ಕೇಳುತ್ತೇನೆ. ಎಂದಿನಷ್ಟೇ ಅಂದರೆ ನಾನೂ ವೇಣುವೂ ಬೇರೆ ಮನೆ ನೋಡಿಕೊಳ್ಳುತ್ತೇವೆ. ಜಾಸ್ತಿ ಹೇಳಿದರೆ, ಸೊಪ್ಪು ಕೊಯ್ಯಲು ಇನ್ನೊಂದು ಜೊತೆ ಕೈ ಬರಲಿ ಎಂದು ತಿಳಿದುಕೊಳ್ಳುತ್ತೇನೆ. ಗೂಡು ಮಾರಿ ಬಂದು ನೀವು ಒಂದು ದಿನ ಕಾಲು ಚಾಚಿ ಮಲಗುವವರೆಗೆ ಈ ಪತ್ರ ನನ್ನ ಬ್ಯಾಗಿನಲ್ಲೇ ಇರುತ್ತದೆ. ಕಾಲೇಜಿಗೆ ಹೋಗುವ ದಾರಿಯಲ್ಲಿ ಮುಳಬಾಗಿಲಿನ ಅಂಚೆ ಕಚೇರಿಯಲ್ಲಿ ಹಾಕುವುದು: ಗುರುವಾರ, 19 ಫೆಬ್ರವರಿ.