ಬುರೈಮಿಯ ಬೇಲಿ

ಆದವಾನಿ,
೧೬ ಫೆಬ್ರವರಿ ೨೦೨೫, ಭಾನುವಾರ

ಅಮೂಲ್ಯಳ ಅಪ್ಪನಿಗೆ,

ಈಶ್ವರಿಯ ನಮಸ್ಕಾರ. ಆರೋಗ್ಯ ಹೇಗಿದೆ? ಬೆನ್ನು ನೋವು ಇಳಿಯಿತೇ? ಖರ್ಜೂರದ ಮರ ಹತ್ತುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತೀರಿ ತಾನೆ? ನಾವು ಸುಖವಾಗಿ ಊರು ಸೇರಿದ್ದೇವೆ. ಫೋನಿನಲ್ಲಿ ನೀವು ಹ್ಞೂಂ ಹ್ಞೂಂ ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಮುಂದಿನ ವಾರ ನಿಮ್ಮ ಬುರೈಮಿಗೆ ಹೊರಟಿರುವ ಗೋನೆಗಂಡ್ಲದ ದಸ್ತಗಿರಿಯಣ್ಣನ ಕೈಲಿ ಇದನ್ನೂ ಶೇಂಗಾ ಚಟ್ನಿಪುಡಿಯನ್ನೂ ಕಳಿಸುತ್ತೇನೆ.

ಅಷ್ಟು ದೂರ ಬಂದೂ ನಿಮ್ಮನ್ನು ನೋಡಲಾಗದ್ದಕ್ಕೆ ತಪ್ಪು ನಮ್ಮಿಬ್ಬರದೂ ಹೌದು. "ಅಲ್ ಐನ್, ಬುರೈಮಿ ಎರಡೂ ಒಂದಾ ಊರಿದ್ದಂಗ. ನಮ್ಮ ಆದವಾನಿಯಿಂದ ಸಿರುಗುಪ್ಪಕ್ಕ ಹೋದಂಗ ಬರಬಹುದು" ಎಂದು ನೀವು ಅಂದಿರಿ, ನಾನು ನಂಬಿದೆ. ನಮಗೆ ಗಡಿ ಎಂದರೆ ಏನು ಗೊತ್ತು? ಆಂಧ್ರದಲ್ಲಿ ಆಟೋ ಹತ್ತಿ ಕರ್ನಾಟಕದಲ್ಲಿ ಮದುವೆ ಊಟ ಮಾಡಿ ಬರುವ ಜನ ನಾವು. ನಿಮ್ಮ ತಂಗಿ ಮಹೇಶ್ವರಿ ಇರುವ ಅಲ್ ಐನ್‌ಗೆ ಮಾತ್ರ ವೀಸಾ ಮಾಡಿಸಿಕೊಂಡು ಮಗಳ ಜೊತೆ ಹೊರಟೆ. ಎರಡೂರಿನ ನಡುವಿನ ಗಡಿ ಗೇಟಿನಲ್ಲಿದ್ದವನು ಪಾಸ್‌ಪೋರ್ಟ್ ತಿರುವಿ ಹಾಕಿ, ಆಚೆಗೆ ಬೇರೆ ದೇಶದ ವೀಸಾ ಬೇಕೆಂದು ವಾಪಸ್ ಕಳಿಸಿದ. ನೀವೇ ಬನ್ನಿ ಎಂದರೆ, ನಿಮ್ಮ ಪಾಸ್‌ಪೋರ್ಟನ್ನು ತೋಟದ ಮಾಲೀಕ ಇಟ್ಟುಕೊಂಡಿದ್ದಾನೆ ಅಂದಿರಿ. ಅವನ ಮನೆ ಹಾಳಾಗಲಿ ಎಂದು ದಿನಾ ಶಾಪ ಹಾಕಿದ್ದೇನೆ.

ಊರೇನೋ ಚೆಂದ. ಸುತ್ತ ಮರಳು, ನಡುವೆ ಖರ್ಜೂರದ ತೋಪು, ಮಣ್ಣಿನ ಹಳೇ ಕೋಟೆ, ಮರಗಳ ಬುಡದಲ್ಲಿ ಹರಿಯುವ ಕಾಲುವೆ. ಅಮೂಲ್ಯ ನೀರಿಗೆ ಕಾಲು ಬಿಟ್ಟು ಕೂತರೆ ಏಳುತ್ತಲೇ ಇರಲಿಲ್ಲ. ನನಗೆ ಮಾತ್ರ ಯಾವುದೂ ರುಚಿಸಲಿಲ್ಲ. ಕೊನೆಯ ದಿನ ಮಹೇಶ್ವರಿ ನಮ್ಮನ್ನು ಬೇಲಿಯ ಹತ್ತಿರ ಕರೆದೊಯ್ದಳು. ಆಚೆ ಬುರೈಮಿಯ ಮಸೀದಿ, ಅಂಗಡಿ ಎಲ್ಲಾ ಕಾಣುತ್ತಿತ್ತು. ಮೂರು ವರ್ಷದಿಂದ ಅಪ್ಪನನ್ನು ಫೋನಿನಲ್ಲೇ ಕಂಡ ಹುಡುಗಿ, ಆ ರಸ್ತೆಯಲ್ಲಿ ಹೋಗುವ ಗಂಡಸರಿಗೆಲ್ಲಾ ಕೈ ಬೀಸಿದಳು. ನನಗೆ ಅಳು ತಡೆಯಲಾಗಲಿಲ್ಲ. ಆಗಲಿ, ಮುಂದಿನ ಸಲ ಎರಡೂ ದೇಶದ ವೀಸಾ ಮಾಡಿಸಿಯೇ ಬರುತ್ತೇನೆ.

ನಿಮ್ಮ ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಕೆಲಸ ಎಂದು ಊಟ ಬಿಡಬೇಡಿ.

ನಿಮ್ಮ ದಾರಿ ಕಾಯುವ
ಈಶ್ವರಿ

ವಿ.ಸೂ.: ಪತ್ರ ಮಡಿಚುತ್ತಿದ್ದಾಗ ಮಹೇಶ್ವರಿ ಫೋನ್ ಮಾಡಿದಳು. ಹೇಳದೆ ಇರಲು ಅವಳಿಗೆ ಮನಸ್ಸು ತಡೆಯಲಿಲ್ಲವಂತೆ. "ಅತ್ತಿಗಿ, ನೀವು ವಿಮಾನ ಹತ್ತಿದ ಮರುದಿನಾನ ಅಣ್ಣ ಗೇಟು ದಾಟಿ ನಮ್ಮನಿಗೆ ಬಂದಿದ್ದ, ಉಂಡು ಹೋದ. ಪಾಸ್‌ಪೋರ್ಟ್ ಅವನ ಹತ್ರಾನ ಐತಿ" ಅಂದಳು. ಯಾಕೆ ಎಂದು ಕೇಳಿದರೆ ತನಗೂ ಗೊತ್ತಿಲ್ಲ ಎಂದು ಅತ್ತಳು. ನೀವೇ ಬರೆದು ತಿಳಿಸಿ, ಫೋನ್ ಬೇಡ. ಅಮೂಲ್ಯ ಈಗಲೂ ಆ ಬೇಲಿಯನ್ನೇ ಬೈಯುತ್ತಿದ್ದಾಳೆ. ಬೈಯಲಿ ಎಂದು ಸುಮ್ಮನಿದ್ದೇನೆ.