ಹಳ್ಳದಪೇಟೆಯಲ್ಲಿ ನೀವು ಅಳಿಸಿದ ಗೆರೆ

ಹಳ್ಳದಪೇಟೆ
ಕ್ರಿ.ಶ. 2194, ಎರಡನೆಯ ಮಳೆಗಾಲದ ನಲವತ್ತೊಂದನೆಯ ದಿನ

ಇದೇ ಪೇಟೆಯ, ನೂರೆಪ್ಪತ್ತು ವರ್ಷ ಹಿಂದಿನ ಅಂಗಡಿ ಮಾಲೀಕರೇ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲಕ್ಕೆ ವರ್ಷಕ್ಕೆರಡು ಮಳೆಗಾಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆಯಿರಲಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಾನು ಚೆನ್ನವ್ವ ಬಡಿಗೇರ, ಈ ಪೇಟೆಯ ಕಟ್ಟಡಗಳಿಗೆ ನಕ್ಷೆ ಬರೆಯುವವಳು.

ಇಲ್ಲಿ ನಾವು ಕಟ್ಟಿದ ಪ್ರತಿ ಕಟ್ಟಡಕ್ಕೂ ಒಂದು ನೀರಂತಸ್ತು ಇದೆ. ಅಂದರೆ ಕಂಬಗಳ ನಡುವೆ ಗೋಡೆಯಿಲ್ಲದೆ ತೆರೆದಿರುವ ನೆಲದ ಮಟ್ಟ. ಒಣ ದಿನಗಳಲ್ಲಿ ಅಲ್ಲಿ ತರಕಾರಿ ಬುಟ್ಟಿಗಳು, ಚಹಾದ ಗಾಡಿ, ಹೊಲಿಗೆ ಯಂತ್ರ ಎಲ್ಲವೂ ಇರುತ್ತವೆ; ಮಧ್ಯಾಹ್ನ ಮುದುಕರು ಪಗಡೆ ಹಾಸುತ್ತಾರೆ. ಮೋಡ ಕವಿದರೆ ಎಲ್ಲವನ್ನೂ ರಾಟೆಯಿಂದ ಮೇಲೆಳೆದು ಜಾಗವನ್ನು ನೀರಿಗೆ ಬಿಟ್ಟುಕೊಡುತ್ತೇವೆ. ಪೇಟೆಯ ನಡುವೆ ಒಂದು ತಗ್ಗುಬಯಲು, ಸುತ್ತ ಮೆಟ್ಟಿಲು, ಹೊಂಗೆಯ ನೆರಳು. ಬೇಸಿಗೆಯಲ್ಲಿ ಮಕ್ಕಳು ಅಲ್ಲಿ ಕಬಡ್ಡಿ ಆಡುತ್ತಾರೆ, ಮಳೆಗಾಲದಲ್ಲಿ ಬೀದಿಯ ನೀರೆಲ್ಲ ಅಲ್ಲಿಗಿಳಿಯುತ್ತದೆ. ನೀವು ಹಳ್ಳವನ್ನು ಮುಚ್ಚಿ ಅದರ ಮೇಲೆ ಮಳಿಗೆ ಕಟ್ಟಿದ್ದಿರಿ. ಒಡೆದು ತೆಗೆಯಲು ನಮಗೆ ಮೂರು ತಲೆಮಾರು ಹಿಡಿಯಿತು. ಅದನ್ನೂ ಸಹಿಸಿಕೊಂಡೆವು.

ಸಹಿಸಲಾಗದ್ದು ಬೇರೆಯೇ ಇದೆ. ಇಲ್ಲಿ ಶಾಲೆ ಕಟ್ಟುವಾಗ ನನಗೆ ಒಂದೇ ಸಂಗತಿ ಬೇಕಿತ್ತು: ಈ ಬೀದಿಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತು? ಪ್ರವಾಹ ಇಳಿದ ಮೇಲೆ ಗೋಡೆಯಲ್ಲಿ ಕೆಸರಿನ ಗೆರೆ ಉಳಿಯುತ್ತದಲ್ಲ, ಅದನ್ನು ಹುಡುಕುತ್ತ, ಕೆಡವದೆ ಉಳಿದಿರುವ ನಿಮ್ಮ ಗೋಡೆಗಳ ಮೇಲಿನ ಹದಿನಾಲ್ಕು ಪದರ ಬಣ್ಣ ಕೆರೆದೆ. ಏನೂ ಸಿಗಲಿಲ್ಲ. ನಿಮ್ಮಲ್ಲೊಬ್ಬರ ಹಳೆಯ ಧ್ವನಿಮುದ್ರಣ ಮಾತ್ರ ಸಿಕ್ಕಿತು. "ಹಬ್ಬ ಬಂತ್ರೀ, ಗೋಡಿ ಮ್ಯಾಲಿನ ಕೆಸರಿನ ಕಲಿ ತಿಕ್ಕಿ ತಗದು ಬಣ್ಣ ಹಚ್ರಿ. ನೀರು ಹೊಕ್ಕಿತ್ತಂತ ಗೊತ್ತಾದ್ರ ನಮ್ಮ ಅಂಗಡಿಗೆ ಯಾರು ಬರ್ತಾರ?" ಪ್ರತಿ ದೀಪಾವಳಿಗೂ ತಿಕ್ಕಿದಿರಿ, ಬಳಿದಿರಿ. ನಿಮ್ಮ ಕೈಗೆ ಬೇರೆ ಕೆಲಸವೇ ಇರಲಿಲ್ಲವೇ?

ಗೆರೆ ಸಿಗದೆ ಅಂದಾಜಿನ ಮೇಲೆ ನೆಲದಿಂದ ಎಂಟು ಅಡಿ ಎತ್ತರಕ್ಕೆ ತರಗತಿ ಕಟ್ಟಿದೆ. ಹೋದ ಮಳೆಗಾಲದ ಒಂದು ಬೆಳಿಗ್ಗೆ, ಪಾಠ ನಡೆಯುತ್ತಿದ್ದಾಗಲೇ, ಹನ್ನೆರಡು ಅಡಿ ನೀರು ಬಂತು. ಉಳಿದ ಮಕ್ಕಳನ್ನು ಮಾಳಿಗೆಗೆ ಹತ್ತಿಸಿದರು. ನನ್ನ ತಂಗಿಯ ಮಗಳು ನೀಲವ್ವ, ಏಳು ವರ್ಷದವಳು, ಸಿಗಲಿಲ್ಲ. ತಂಗಿ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಅಂದಾಜನ್ನು ನಂಬಿದ್ದು ನನ್ನ ತಪ್ಪು, ಇಲ್ಲವೆನ್ನುವುದಿಲ್ಲ.

ನೀರಿಳಿದ ಮೇಲೆ, ನೆನಪಿಗೆಂದು ನಾವು ಉಳಿಸಿಕೊಂಡಿದ್ದ ನಿಮ್ಮ ಜವಳಿ ಅಂಗಡಿಯ ತಗಡಿನ ಬೋರ್ಡು ಕಳಚಿ ಬಿತ್ತು. ಅದರ ಹಿಂದೆ ಗೋಡೆಗೆ ಬಣ್ಣವೇ ಇರಲಿಲ್ಲ. ಬೋರ್ಡು ಬಿಚ್ಚಲು ಬೇಸರಪಟ್ಟು ಸುತ್ತಲಷ್ಟೇ ಬಳಿದಿದ್ದಿರಿ. ಅಲ್ಲಿತ್ತು ನಿಮ್ಮ ಕಾಲದ ಕೆಸರಿನ ಗೆರೆ. ಅಳತೆಪಟ್ಟಿ ಹಿಡಿದೆ. ಸರಿಯಾಗಿ ಹನ್ನೆರಡು ಅಡಿ. ಅಲ್ಲೇ ಬೀದಿಯಲ್ಲಿ ಕೂತು ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ.

ಈ ಹಬ್ಬಕ್ಕೂ ಬಣ್ಣ ಹಚ್ಚಿ, ಬೇಡವೆನ್ನುವುದಿಲ್ಲ. ಆ ಗೆರೆಯೊಂದನ್ನು ಮುಟ್ಟಬೇಡಿ. ಪಕ್ಕದಲ್ಲಿ ತಾರೀಖು ಕೆತ್ತಿಸಿ. ನಿಮ್ಮಲ್ಲಿ ಒಬ್ಬರಾದರೂ ಇಷ್ಟು ಮಾಡಿದರೆ, ನಾನು ತರಗತಿಯನ್ನು ಆ ಗೆರೆಗಿಂತ ಮೇಲೆ ಕಟ್ಟಿರುತ್ತೇನೆ; ನಾಳೆ ಬೆಳಿಗ್ಗೆ ನೀಲವ್ವ ಜಡೆ ಹಾಕಿಸಿಕೊಂಡು ಶಾಲೆಗೆ ಹೊರಡುತ್ತಾಳೆ.

ಚೆನ್ನವ್ವ ಬಡಿಗೇರ