ನಿನ್ನ ಇಂಗ್ಲಿಷ್ ಪುಸ್ತಕ

ತಂಗಿ ಬೋರಕ್ಕ,

ನೀನು ತೀರಿಕೊಂಡು ಮೂರು ವರ್ಷವಾದರೂ ಮನೆಯ ಸುದ್ದಿ ನಿನಗೇ ಹೇಳಬೇಕೆನಿಸುತ್ತದೆ. ಇವತ್ತು ನಿನ್ನ ಮೊಮ್ಮಗಳು ಸ್ವಪ್ನ ಇಂಗ್ಲಿಷ್ ವ್ಯಾಕರಣ ಹಿಡಿದು ಮಗ್ಗದ ಪಕ್ಕ ಬಂದು ಕೂತಳು; ಪದದ ಕೊನೆಗೆ ಪ್ರತ್ಯಯ ಸೇರಿಸೋದು ತಿಳೀತಿಲ್ಲ ಅಂದಳು. ನಾನು ನೇಯ್ದು ಮುಗಿದ ಹಾಸಿನ ಉದ್ದೆಳೆಗಳ ತುದಿಗೆ ಹೊಸ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಹೊಸೆಯುತ್ತಿದ್ದೆ.

"ಇದೂ ಹಿಂಗೇ ಕಣವ್ವಾ," ಅಂದೆ. "ಕೈಂಡ್ ಅಂದ್ರೆ ಕರುಣೆ ಇರೋ ಅಂತ. ಅದರ ತುದಿಗೆ ನೆಸ್ ಹೊಸೆದ್ರೆ ಕೈಂಡ್‌ನೆಸ್, ಕರುಣೆ. ಟೀಚ್ ಅಂದ್ರೆ ಕಲಿಸು. ಅದಕ್ಕೆ ಅರ್ ಹೊಸೆದ್ರೆ ಟೀಚರ್, ಕಲಿಸೋರು."

"ನಮ್ಮ ಮಿಸ್ಸಿಗಿಂತ ಚೆನ್ನಾಗಿ ಹೇಳ್ತೀಯ ತಾತ! ಸ್ಕೂಲಿಗೆ ಹೋಗದೋನಿಗೆ ಯಾರು ಕಲಿಸಿದ್ರು?"

"ಒಂದು ಹಳೇ ಪುಸ್ತಕ ಸಿಕ್ಕಿತ್ತು," ಅಂದುಬಿಟ್ಟೆ.

ಅದು ಸಿಕ್ಕಿದ್ದಲ್ಲ, ನಿನ್ನ ಶಾಲೆಯ ಪುಸ್ತಕ. ಎಳೆ ಹೊಸೆಯಲು ಸಣ್ಣ ಬೆರಳು ಬೇಕೆಂದು, ಅಪ್ಪ ತೀರಿಕೊಂಡ ವರ್ಷ ಎಂಟನೇ ಕ್ಲಾಸಿನಿಂದ ನಿನ್ನನ್ನು ಬಿಡಿಸಿ ತಂದವನು ನಾನು.

ಅಷ್ಟರಲ್ಲಿ ಸ್ವಪ್ನ ಎಳೆಗೆ ಕೈಹಾಕಿ, "ನಾನೂ ಹೊಸೀಲಾ?" ಅಂದಳು. ಥೇಟು ನಿನ್ನದೇ ಬೆರಳು.

"ಬ್ಯಾಡವ್ವ, ನೀನು ಓದು," ಎಂದು ಎದ್ದು, ಪೆಟ್ಟಿಗೆಯಿಂದ ಆ ಪುಸ್ತಕ ತಂದು ಕೊಟ್ಟೆ. ಮೊದಲ ಪುಟದಲ್ಲಿ ನೀನು ಬರೆದಿದ್ದ ನಿನ್ನ ಹೆಸರನ್ನು ಅವಳು ಬೆರಳಿಟ್ಟು ಓದಿದಳು.

"ಅಜ್ಜಿಗೂ ಇಂಗ್ಲಿಷ್ ಬರ್ತಿತ್ತಾ?"

"ನನಗಿಂತ ಚೆನ್ನಾಗಿ," ಅಂದೆ.

ಮತ್ತೆ ಅಜ್ಜಿ ಓದು ಯಾಕೆ ಬಿಟ್ಟಳು ಎಂದು ಅವಳು ನಾಳೆ ಕೇಳಿಯೇ ಕೇಳುತ್ತಾಳೆ. ಬುದ್ಧಿಯಲ್ಲೂ ನಿನ್ನ ಹಾಗೆಯೇ.

ನಿನ್ನ ಅಣ್ಣ